ನನ್ನ ಷಡ್ಡಕನೂ ದಾರಿಯಿಲ್ಲದ ಹೊಲವೂ

ನನ್ನ ಷಡ್ಡಕನ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಶೋಕಿಗೆ ಬಿಟ್ಟದ್ದಲ್ಲ. ತುದಿ ಸವೆದು, ಒಂದು ಪಕ್ಕ ಕರ್ರಗಾಗಿ, ಸ್ಕ್ರೂಡ್ರೈವರಿನ ಮೊನೆಯ ಹಾಗೆ ಚಪ್ಪಟೆಯಾಗಿತ್ತು. ರೇಡಿಯೋದ ಹಿಂದಿನ ಮುಚ್ಚಳ, ಟಾರ್ಚಿನ ತಳ, ಫ್ಲಾಪಿಯ ತಗಡು ಎಲ್ಲವನ್ನೂ ಅವನು ಆ ಉಗುರಿನಿಂದಲೇ ತೆರೆಯುತ್ತಿದ್ದ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ ಅದನ್ನು ಕತ್ತರಿಸಿಕೊಳ್ಳಿ ಎಂದಿದ್ದರು. ಮುಂದಿನ ಸಲ ಬಂದವನು ಅದೇ ಉಗುರಿನಿಂದ ಅವರ ಕೆಟ್ಟ ಗೋಡೆ ಗಡಿಯಾರ ಬಿಚ್ಚಿ, ಸರಿಮಾಡಿ, ಮೊಳೆಗೆ ನೇತುಹಾಕಿ ಹೋದ. ಆಮೇಲೆ ಅತ್ತೆ ಉಗುರಿನ ಸುದ್ದಿ ಎತ್ತಲಿಲ್ಲ. ಆ ಗಡಿಯಾರ ಕೆಟ್ಟದ್ದು ನನಗೂ ಗೊತ್ತಿತ್ತು. ಚಿತ್ರದುರ್ಗಕ್ಕೆ ಒಯ್ದು ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಎಂದು ಎಂಟು ತಿಂಗಳಿಂದ ಹೇಳುತ್ತಲೇ ಇದ್ದೆ.

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹೊಸದುರ್ಗದ ಆ ಮನೆಗೆ ನಾನು ಹಿರಿಯ ಅಳಿಯ, ಅವನು ಕಿರಿಯ ಅಳಿಯ. ಅವನಿಗಿಂತ ಎರಡು ವರ್ಷ ಮೊದಲು ನಾನು ಆ ಮನೆಯ ಹೊಸ್ತಿಲು ತುಳಿದಿದ್ದೆ. ಆ ಎರಡು ವರ್ಷ ನನ್ನ ಬಾಳಿನ ಸುಖದ ಕಾಲ ಎಂದು ಈಗ ಅನ್ನಿಸುತ್ತದೆ. ಹೋಳಿಗೆಯ ಮೊದಲ ಒಬ್ಬೆ ನನ್ನ ಎಲೆಗೇ ಬೀಳುತ್ತಿತ್ತು. ಮಾವ ಎಳನೀರು ಕೆತ್ತಿಸಿದರೆ ನನಗಾಗಿಯೇ ಕೆತ್ತಿಸುತ್ತಿದ್ದರು. ಅವನು ಬಂದ ಮೇಲೂ ಇದೆಲ್ಲ ನಿಲ್ಲಲಿಲ್ಲ, ಆದರೆ ಇನ್ನೊಂದು ಎಲೆ ಪಕ್ಕದಲ್ಲಿ ಬಿತ್ತು.

ಮಾವ ನನ್ನನ್ನು ಕಂಡರೆ “ಬರ್ರಿ ಅಳಿಯಂದ್ರೆ, ಕುಂತ್ಕಳ್ರಿ” ಎಂದು ಕುರ್ಚಿ ಎಳೆಯುತ್ತಿದ್ದರು. ಅವನನ್ನು ಕಂಡರೆ “ಬಾರ್ಲೇ” ಎನ್ನುತ್ತಿದ್ದರು. ಅವನು ಸೀದಾ ಅಡುಗೆಮನೆಗೆ ನುಗ್ಗಿ ಅತ್ತೆಯ ಪಕ್ಕದಲ್ಲಿ ಕೂತು ಈಳಿಗೆಮಣೆಯಲ್ಲಿ ಕಾಯಿ ತುರಿಯುತ್ತಿದ್ದ. ನಿಮಗೆ ಮರ್ಯಾದೆ ಜಾಸ್ತಿ, ಅದಕ್ಕೇ ಕುರ್ಚಿ ಎಂದು ನನ್ನ ಹೆಂಡತಿ ಸಮಾಧಾನ ಹೇಳುತ್ತಿದ್ದಳು. ನಾನು ಆ ಕುರ್ಚಿಯಲ್ಲಿ ಕೂತು ಒಳಗಿನ ನಗು ಕೇಳಿಸಿಕೊಳ್ಳುತ್ತಿದ್ದೆ. ಆ ನಗುವಿಗಾಗಿ ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ನನ್ನದು ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಶ್ರದ್ಧಾಂಜಲಿ ಕಾರ್ಡು. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವವನೆಂದರೆ ಜನ ನಿಂತು ನೋಡುತ್ತಿದ್ದರು. ಅವನು ಹೊಳಲ್ಕೆರೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಮೌಸ್ ಹಿಡಿಯುವುದನ್ನು ಅವನಿಗೆ ಕಲಿಸಿದವನು ನಾನು. ಭಾನುವಾರ ಬಸ್ಸು ಹತ್ತಿ ಬಂದು, ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು, “ಅಣ್ಣ, ಇದೇನು, ಅದೇನು” ಎಂದು ಕೇಳುತ್ತಿದ್ದ. ಆರು ತಿಂಗಳು ಕಳೆಯುವಷ್ಟರಲ್ಲಿ ನಾನು ಕೇಳಬೇಕಾದ ಪ್ರಶ್ನೆಗಳಿಗೆ ಅವನ ಬಳಿ ಉತ್ತರವಿತ್ತು. ನಾನು ಕೇಳಲಿಲ್ಲ.

ಮಾವನ ವಿಷಯ ಇಲ್ಲೇ ಹೇಳಿಬಿಡಬೇಕು. ಅವರು ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಹೊಸದುರ್ಗ ತಾಲ್ಲೂಕಿನ ಹಳ್ಳಿ ಹಳ್ಳಿ ಅಲೆದು ಪಹಣಿ ಬರೆದವರಿಗೆ ಒಂದು ಹುಚ್ಚು ಹಿಡಿದಿತ್ತು. ಸರ್ಕಾರದ ಪುಸ್ತಕದಲ್ಲಿ ಹೊಲಕ್ಕೆ ಸರ್ವೆ ನಂಬರು ಮಾತ್ರ ಇರುತ್ತದೆ, ಜನರ ಬಾಯಲ್ಲಿ ಅದಕ್ಕೊಂದು ಹೆಸರಿರುತ್ತದೆ. ಮುನಿಸಿನ ಹೊಲ, ಅತ್ತಿಗೆ ಹೊಲ, ಕುದುರೆ ಸತ್ತ ಹೊಲ, ಮೂರು ತೆಂಗಿನ ಗುಂಡಿ. ಮಾವ ಆ ಹೆಸರುಗಳನ್ನೆಲ್ಲ ಕೇಳಿ ಬರೆದುಕೊಂಡಿದ್ದರು. ಆ ಹೆಸರು ಯಾಕೆ ಬಂತು ಎಂದು ಕೆಳಗೆ ಎರಡು ಮೂರು ಸಾಲು. ನನ್ನ ಅಂಗಡಿಯಲ್ಲಿ ಅಚ್ಚು ಕೆಟ್ಟುಹೋದ ಲಗ್ನಪತ್ರಿಕೆಗಳನ್ನು ಕಟ್ಟು ಕಟ್ಟಾಗಿ ತರಿಸಿಕೊಂಡು ಅವುಗಳ ಖಾಲಿ ಬೆನ್ನಿನ ಮೇಲೆ ಬರೆಯುತ್ತಿದ್ದರು. ಹೀಗೆ ಮೂರು ಟ್ರಂಕು ತುಂಬಿತ್ತು. ಅದನ್ನು ಪುಸ್ತಕವಾಗಿ ನೋಡಿ ಕಣ್ಣು ಮುಚ್ಚಬೇಕೆಂಬುದು ಅವರ ಒಂದೇ ಆಸೆ.

ಆ ಕೆಲಸ ನನಗೆ ಬಂತು. ಎರಡು ವರ್ಷ ಬಿಡುವಿದ್ದಾಗಲೆಲ್ಲ ಕೂತು ಅಷ್ಟನ್ನೂ ಟೈಪ್ ಮಾಡಿದೆ. ಮುಗಿದಷ್ಟು ಕಟ್ಟುಗಳನ್ನು ಹೊಸದುರ್ಗಕ್ಕೆ ವಾಪಸ್ ಕಳಿಸುತ್ತಿದ್ದೆ. ಕಂಪ್ಯೂಟರಿಗೆ ಹೋದ ಮೇಲೆ ಕಾಗದ ಇನ್ಯಾಕೆ ಎಂದು ಮಾವ ಅವನ್ನು ಅತ್ತೆಗೆ ಒಪ್ಪಿಸಿದರು. ಗಟ್ಟಿ ಕಾಗದ, ಚೆನ್ನಾಗಿ ಹತ್ತಿಕೊಳ್ಳುತ್ತದೆ ಎಂದು ಅತ್ತೆ ಒಂದು ಬೇಸಗೆ ಪೂರ್ತಿ ಅದರಿಂದಲೇ ಬಚ್ಚಲೊಲೆ ಹೊತ್ತಿಸಿದರು. ಮನೆಯಲ್ಲಿ ಯಾರಿಗೂ ಅದು ತಪ್ಪೆಂದು ಕಾಣಲಿಲ್ಲ. ಆ ನೀರಿನಲ್ಲಿ ನಾನೂ ಸ್ನಾನ ಮಾಡಿದ್ದೇನೆ.

ನಾನು ಟೈಪ್ ಮಾಡಿದ್ದು ದಾವಣಗೆರೆಯ ಒಬ್ಬ ಏಜೆಂಟನಿಂದ ಕೊಂಡ ಕನ್ನಡ ಸಾಫ್ಟ್‌ವೇರಿನಲ್ಲಿ. ಅದರ ಜೊತೆಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಲಾಕು ಕೊಟ್ಟಿದ್ದರು. ಅದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ್ದರೆ ಮಾತ್ರ ಅಕ್ಷರ ಮೂಡುತ್ತಿತ್ತು. ಒಂದು ವರ್ಷ ಮುಂಗಾರಿನ ಮೊದಲ ಮಳೆಗೆ ಜೋಗಿಮಟ್ಟಿಯ ಕಡೆಯಿಂದ ಗುಡುಗುತ್ತ ಬಂದ ಸಿಡಿಲಿಗೆ ನನ್ನ ಕಂಪ್ಯೂಟರೂ ಲಾಕೂ ಒಟ್ಟಿಗೆ ಸುಟ್ಟವು. ಕಂಪ್ಯೂಟರು ಬೇರೆ ಬಂತು. ಏಜೆಂಟ್ ಊರು ಬಿಟ್ಟಿದ್ದ, ಸಾಫ್ಟ್‌ವೇರ್ ಮಾಡಿದವರು ಆ ಕೆಲಸವನ್ನೇ ಬಿಟ್ಟಿದ್ದರು. ಮಾವನ ಹೊಲಗಳೆಲ್ಲ ಫ್ಲಾಪಿಗಳಲ್ಲಿ ಭದ್ರವಾಗಿದ್ದವು, ಆದರೆ ತೆರೆದರೆ ಕಾಣುತ್ತಿದ್ದದ್ದು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕೆ. ಮಾವ ಕೇಳಿದಾಗ ಎಲ್ಲ ಭದ್ರವಾಗಿದೆ ಎಂದೆ. ಪುಸ್ತಕಕ್ಕೆ ಇನ್ನೂ ಸ್ವಲ್ಪ ಕಾಲ ಬೇಕು ಎಂದೆ. ಈ ಸುಳ್ಳನ್ನು ನಾಲ್ಕೈದು ವರ್ಷ ಹೊತ್ತುಕೊಂಡು ಆ ಕುರ್ಚಿಯಲ್ಲಿ ಕೂತಿದ್ದೇನೆ.

ಅಷ್ಟರಲ್ಲಿ ನನ್ನ ಷಡ್ಡಕ ಒಂದು ಪ್ಲಗಿನ್ ಬರೆದ. ಪ್ಲಗಿನ್ ಎಂದರೆ ಇದ್ದ ಸಾಫ್ಟ್‌ವೇರಿಗೆ ಹೊರಗಿನಿಂದ ಸೇರಿಸುವ ಒಂದು ಸಣ್ಣ ತುಂಡು. ಪುಕ್ಕಟೆ ಸಿಗುವ ಒಂದು ಬರವಣಿಗೆಯ ಸಾಫ್ಟ್‌ವೇರು ಕಂಪ್ಯೂಟರ್ ಪತ್ರಿಕೆಯ ಸಿಡಿಯಲ್ಲಿ ಅವನಿಗೆ ಸಿಕ್ಕಿತ್ತು. ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಯಾವ ಕಂಪ್ಯೂಟರಿನಲ್ಲಾದರೂ ಕಾಣುವ ಹೊಸ ಕನ್ನಡಕ್ಕೆ ಬದಲಿಸುವ ತುಂಡನ್ನು ಅದಕ್ಕೆ ಸೇರಿಸಿದ. ಸಂಘದ ಕೆಲಸ ಮುಗಿಸಿ ಮನೆಗೆ ಹೋಗಿ ವರ್ಷಗಟ್ಟಲೆ ಇದನ್ನೇ ಮಾಡಿದ್ದ. ಮಾಡಿ, ಸಿಡಿಗೆ ಹಾಕಿ, ಭಾನುವಾರ ಬಸ್ಸಿನಲ್ಲಿ ಹಿರಿಯೂರಿಗೂ ಹೊಸದುರ್ಗಕ್ಕೂ ಹೋಗಿ, ಪ್ರೆಸ್ಸಿನವರಿಗೆ, ಶಾಲೆಗಳಿಗೆ ಕೊಟ್ಟು ಬರುತ್ತಿದ್ದ. ಒಳಗಿನ ಬರಹವನ್ನೂ, ಅಂದರೆ ಅದರ ಕೋಡನ್ನೂ, ತೆರೆದೇ ಇಟ್ಟಿದ್ದ. ಬೇಕಾದವರು ನೋಡಬಹುದು, ತಿದ್ದಬಹುದು, ಹಂಚಬಹುದು. ಏನಾದರೂ ತೆಗೆದುಕೊಳ್ಳಿ ಎಂದು ಯಾರಾದರೂ ಒತ್ತಾಯ ಮಾಡಿದರೆ “ಒಂದು ಕಾಫಿ ಕುಡಿಸ್ರಿ, ಕೊಟ್ಟ ಮ್ಯಾಲೆ ಕೈ ಬಿಟ್ಬಿಡ್ಬೇಕು” ಎನ್ನುತ್ತಿದ್ದ. ಈ ಮಾತು ಅವನ ಬಾಯಲ್ಲಿ ಸದಾ ಇರುತ್ತಿತ್ತು.

ಹಿರಿಯೂರಿನ ಒಬ್ಬ ಪ್ರೆಸ್ಸಿನವರು ನನ್ನ ಅಂಗಡಿಗೆ ಬಂದು ಅರ್ಧ ಗಂಟೆ ಕೂತು ನನ್ನ ಷಡ್ಡಕನನ್ನು ಹೊಗಳಿದರು. ಅಂಥವರು ನಿಮ್ಮ ಸಂಬಂಧಿಕರು ಎಂದು ಗೊತ್ತಿರಲಿಲ್ಲ ಎಂದರು. ಕನ್ನಡ ಕಂಪ್ಯೂಟರಿಗಾಗಿ ನಾನು ಹದಿನೈದು ವರ್ಷ ಬೆನ್ನು ಬಗ್ಗಿಸಿದ್ದೆ. ಜಿಲ್ಲೆಯಲ್ಲಿ ಅರ್ಧ ಮದುವೆಗಳು ನನ್ನ ಬೆರಳಿನಿಂದ ಅಚ್ಚಾಗಿದ್ದವು. ಈಗ ನನ್ನ ಗುರುತು ಹೊಳಲ್ಕೆರೆಯ ಗುಮಾಸ್ತನ ಸಂಬಂಧಿಕ ಎಂದಾಯಿತು.

ಅವನಿಗೆ ನನ್ನ ಹಳೆಯ ಸಾಫ್ಟ್‌ವೇರಿನ ಫಾಂಟಿನ ವಿಷಯ ಸ್ವಲ್ಪ ಗೊತ್ತಿತ್ತು. ಆ ಫಾಂಟಿನ ಅಕ್ಷರಗಳ ಒಂದು ಪಟ್ಟಿ ಕೊಡ್ರಿ, ಅದನ್ನೂ ಸೇರಿಸುತ್ತೇನೆ ಎಂದು ಎರಡು ಮೂರು ಸಲ ಕೇಳಿದ. ಅದೆಲ್ಲ ಈಗ ಯಾರಿಗೂ ಬೇಕಾಗಿಲ್ಲ ಬಿಡು ಎಂದೆ. ಅವನ ಪ್ಲಗಿನ್ನಿನಿಂದ ಮಾವನ ಹೊಲಗಳು ಹೊರಗೆ ಬಂದರೆ ಪುಸ್ತಕ ಅವನದಾಗುತ್ತದೆ. ಎರಡು ವರ್ಷ ನಾನು ಟೈಪ್ ಮಾಡಿದ್ದು ಲೆಕ್ಕಕ್ಕೇ ಬರುವುದಿಲ್ಲ. ಮಾವನ ಪುಸ್ತಕ ಹಾಳಾದರೂ ಪರವಾಗಿಲ್ಲ, ಅವನಿಂದ ಉಳಿಯಬಾರದು ಎಂಬಲ್ಲಿಗೆ ನಾನು ಬಂದು ನಿಂತಿದ್ದೆ.

ಆಗ ಬೆಂಗಳೂರಿನ ಒಂದು ಸಣ್ಣ ಕಂಪನಿಯ ಪ್ರತಿನಿಧಿ ಬಂದ. ಅವರೂ ಹಳೆಯ ಫಾಂಟ್ ಬದಲಿಸುತ್ತಿದ್ದರು, ಆದರೆ ಬೇರೆ ರೀತಿಯಲ್ಲಿ. ನಮ್ಮ ಬರಹ ಇಂಟರ್ನೆಟ್ಟಿನಲ್ಲಿ ಅವರ ಕಂಪ್ಯೂಟರಿಗೆ ಹೋಗಿ, ಬದಲಾಗಿ, ವಾಪಸ್ ಬರಬೇಕು. ಅದಕ್ಕೆ ತಿಂಗಳಿಗಿಷ್ಟು, ಪುಟಕ್ಕಿಷ್ಟು ಎಂದು ಶುಲ್ಕ. ನನ್ನ ಫಾಂಟೂ ಅವರ ಪಟ್ಟಿಯಲ್ಲಿತ್ತು! ಜಿಲ್ಲೆಗೆ ಅವರ ಡೀಲರ್ ಆಗಲು ಒಪ್ಪಿದೆ. ಬರವಣಿಗೆಯ ಆ ಪುಕ್ಕಟೆ ಸಾಫ್ಟ್‌ವೇರಿನ ಜೊತೆ ಹೊಂದಿಕೊಳ್ಳುವ ಒಂದು ಪ್ಲಗಿನ್ ಅವರಿಗೆ ಬೇಕಿತ್ತು. ನನ್ನ ಷಡ್ಡಕನದು ಬೀದಿಯಲ್ಲೇ ಇತ್ತಲ್ಲ, ಎತ್ತಿ ಕೊಟ್ಟೆ. ಅವರ ಹುಡುಗರು ಅದರ ಹೊಟ್ಟೆ ಬಗೆದು, ಬದಲಿಸುವ ಕೆಲಸವನ್ನು ತೆಗೆದು, ತಮ್ಮ ಕಂಪ್ಯೂಟರನ್ನು ಕೇಳುವ ಕೆಲಸವನ್ನು ಇಟ್ಟರು. ನಾನು ‘ಪುಕ್ಕಟೆ ಪ್ಲಗಿನ್’ ಎಂದು ದಪ್ಪಕ್ಷರದ ಕರಪತ್ರ ಅಚ್ಚು ಹಾಕಿಸಿ ಜಿಲ್ಲೆಯೆಲ್ಲ ಹಂಚಿದೆ. ಶುಲ್ಕದ ವಿಷಯ ಕೆಳಗೆ ಸಣ್ಣಕ್ಷರದಲ್ಲಿತ್ತು.

ನಾನು ಮಾಡಿದ್ದರಲ್ಲಿ ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ. ಅವನೇ ತೆಗೆದುಕೊಳ್ಳಿ, ತಿದ್ದಿಕೊಳ್ಳಿ ಎಂದು ಬರೆದು ಇಟ್ಟಿದ್ದ. ಅವನು ಜಗಳಕ್ಕೆ ಬರಲಿ ಎಂದು ನಾನು ಕಾದಿದ್ದೆ ಎಂದರೂ ಸರಿಯೇ. ಯುಗಾದಿಗೆ ಹೊಸದುರ್ಗದಲ್ಲಿ ಊಟ ಮುಗಿಸಿ ಹಿತ್ತಲ ತೆಂಗಿನ ನೆರಳಿಗೆ ಚಾಪೆ ಹಾಕಿಕೊಂಡು ಮಾವ, ಅವನು, ನಾನು ಮೂವರೂ ಕೂತಿದ್ದೆವು. ಅವನು ಜೇಬಿನಿಂದ ನನ್ನ ಕರಪತ್ರ ತೆಗೆದು ಚಾಪೆಯ ಮೇಲೆ ಹರಡಿದ.

“ಅಣ್ಣ, ದುಡ್ಡು ತಗಳ್ರಿ, ಅದು ತಪ್ಪಲ್ಲ. ಪುಕ್ಕಟೆ ಅಂತ ಬರ್ದೀರಲ್ಲ, ಅದೊಂದು ಮಾತು ತಗದ್ಬಿಡ್ರಿ” ಎಂದ.

ಪ್ಲಗಿನ್ನಿಗೆ ನಾನು ಯಾರ ಹತ್ತಿರವೂ ದುಡ್ಡು ಕೇಳಿಲ್ಲವಲ್ಲ ಎಂದೆ.

“ಪ್ಲಗಿನ್ ಒಂದೇ ಇಟ್ಕಂಡು ಏನ್ ಮಾಡ್ತಾರಣ್ಣ? ಆ ಕಂಪನಿ ಬಾಗ್ಲು ಹಾಕಿದ್ ದಿವ್ಸ ಇವ್ರ ಬರಹನೂ ಒಳಗೇ ಉಳೀತತೆ.”

ನನಗೆ ರೇಗಿತು. ಒಂದನೇ ತಾರೀಕು ಸಂಬಳ ಎಣಿಸುವವನು ಧರ್ಮಕ್ಕೆ ಹಂಚುವುದು ಸುಲಭ ಎಂದೆ. ನನ್ನದು ಅಂಗಡಿ, ಕರೆಂಟು ಬಿಲ್ಲು, ಬಾಡಿಗೆ. ಕಂಪ್ಯೂಟರನ್ನು ಹಗಲೂ ಇರುಳೂ ಓಡಿಸುವ ಕಂಪನಿಯವರು ಉಪವಾಸ ಇರಬೇಕೇ? ಎಲ್ಲವನ್ನೂ ಪುಕ್ಕಟೆ ಕೊಟ್ಟು ಕೊಟ್ಟು ನೀನು ನಮ್ಮಂಥವರ ಅನ್ನಕ್ಕೆ ಕಲ್ಲು ಹಾಕುತ್ತಿದ್ದೀಯ. ಇಷ್ಟನ್ನೂ ಹೇಳಿದೆ. ಇವತ್ತಿಗೂ ಇದರಲ್ಲಿ ಅರ್ಧ ಸತ್ಯ ಎಂದೇ ನನ್ನ ಅಭಿಪ್ರಾಯ. ಅವನು ತಲೆಯಾಡಿಸುತ್ತ ಕೇಳಿಸಿಕೊಂಡ. ಸಂಬಳದ ಮಾತು ನಿಜ ಅಣ್ಣ ಎಂದು ಒಪ್ಪಿಕೊಂಡ. ಒಪ್ಪಿಕೊಂಡದ್ದು ನನ್ನನ್ನು ಇನ್ನೂ ಉರಿಸಿತು.

ಅಲ್ಲಿಯವರೆಗೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮಾವ ಬಾಯಿ ತೆರೆದರು. ಅವರ ಪಟ್ಟಿಯಲ್ಲಿ ದಾರಿಯಿಲ್ಲದ ಹೊಲ ಎಂದು ಒಂದು ಹೊಲವಿದೆ. ಒಬ್ಬ ಸಾಹುಕಾರ ತನ್ನ ಮನೆಯಲ್ಲಿ ದುಡಿದವನಿಗೆ ಮೂರು ಎಕರೆ ದಾನ ಕೊಟ್ಟನಂತೆ. ಪತ್ರ ಮಾಡಿ, ಸಾಕ್ಷಿ ಹಾಕಿಸಿಯೇ ಕೊಟ್ಟ. ಸುತ್ತಲ ಹೊಲವೆಲ್ಲ ಸಾಹುಕಾರನದೇ. ದಾನ ಪಡೆದವನು ಗಾಡಿ ಹೊಡೆದುಕೊಂಡು ಒಳಗೆ ಹೋಗಬೇಕಾದರೆ ಪ್ರತಿ ಸುಗ್ಗಿಗೂ ಒಂದು ಹೊರೆ ಮೇವು ಕೊಡಬೇಕು. ಕೊಡುತ್ತ ಬಂದ. ಸಾಹುಕಾರ ಸತ್ತ ಮೇಲೆ ಮಕ್ಕಳು ಭೂಮಿ ಮಾರಿದರು, ಕೊಂಡವನು ಬೇಲಿ ಹಾಕಿದ. ಮೂರು ಎಕರೆ ಬೀಳು ಬಿತ್ತು.

“ಪಹಣಿನಾಗೆ ಇವತ್ತಿಗೂ ಅವ್ನ ಹೆಸ್ರೇ ಐತೆ ಅಳಿಯಂದ್ರೆ. ಹೊಲಕ್ ಹೋಗಕ್ ಮಾತ್ರ ಆಗಕಿಲ್ಲ” ಎಂದರು.

ನಾನು ಟೈಪ್ ಮಾಡಿದ್ದ ಕಥೆಯನ್ನೇ ನನಗೆ ತಿರುಗಿಸಿ ಹೇಳಿದ್ದರು. ನನ್ನ ಮುಖ ನೋಡಿ ಷಡ್ಡಕ, ಅಣ್ಣಂದು ಹಂಗಲ್ಲ ಬಿಡ್ರಿ ಮಾವ ಎಂದು ನನ್ನ ಪರ ವಹಿಸಿಕೊಂಡ. ಅವನು ನನ್ನ ಪರ ಮಾತಾಡುವ ಸ್ಥಿತಿ ಬಂತಲ್ಲ ಎಂದು ನಾನು ಚಾಪೆಯಿಂದ ಎದ್ದೆ.

ಛಲಕ್ಕೆ ಬಿದ್ದವನ ಹಾಗೆ ಮಾವನ ಫ್ಲಾಪಿಗಳನ್ನು ಕಂಪನಿಯ ಸೇವೆಗೆ ಹಾಕಿದೆ. ಹೊಲಗಳು ಒಂದೊಂದಾಗಿ ಕನ್ನಡವಾಗಿ ತೆರೆದುಕೊಂಡವು. ನಾಲ್ಕೈದು ವರ್ಷದ ಸುಳ್ಳು ಎದೆಯಿಂದ ಇಳಿದಂತಾಯಿತು. ಮಾವನನ್ನು ದುರ್ಗಕ್ಕೆ ಕರೆಸಿಕೊಂಡೆ. ನಮ್ಮ ಮನೆಯಲ್ಲೇ ಎರಡು ತಿಂಗಳು ಇದ್ದು, ಹಗಲೆಲ್ಲ ನನ್ನ ಪಕ್ಕದಲ್ಲಿ ಕೂತು, ಇಲ್ಲಿ ಹೀಗಲ್ಲ, ಹಾಗೆ ಎಂದು ತಿದ್ದಿಸಿದರು. ಅವರ ಕಣ್ಣಿನ ಪೊರೆ ಬಲಿತಿತ್ತು. ನಾನು ಓದಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆ ಎರಡು ತಿಂಗಳು ಮಾವ ನನ್ನೊಬ್ಬನ ಪಾಲಿಗೆ ಇದ್ದರು. ಪುಟ ಪ್ರಿಂಟ್ ತೆಗೆದರೂ ಶುಲ್ಕ ಬೀಳುತ್ತಿದ್ದರಿಂದ ಎಲ್ಲ ಮುಗಿದ ಮೇಲೆ ಒಟ್ಟಿಗೆ ತೆಗೆಯೋಣ ಎಂದುಕೊಂಡಿದ್ದೆ. ಬದಲಾದ ಕಡತ ಕಂಪನಿಯದೇ ಒಂದು ರೂಪದಲ್ಲಿರುತ್ತಿತ್ತು. ತೆರೆಯುವಾಗಲೆಲ್ಲ ಪ್ಲಗಿನ್ ಬೆಂಗಳೂರನ್ನು ಕೇಳಿಯೇ ತೆರೆಯುತ್ತಿತ್ತು.

ಮಾವ ಊರಿಗೆ ಹೋದ ಮೂರನೆಯ ವಾರ, ಒಂದು ಸೋಮವಾರ, ಪ್ಲಗಿನ್ ಕೇಳಿತು. ಬೆಂಗಳೂರು ಉತ್ತರ ಕೊಡಲಿಲ್ಲ. ಮಂಗಳವಾರವೂ ಇಲ್ಲ. ಫೋನು ಎತ್ತುವವರಿಲ್ಲ. ಬಸ್ಸು ಹತ್ತಿ ಹೋದರೆ ಕಚೇರಿಯ ಬಾಗಿಲಿಗೆ ಬಾಡಿಗೆಗೆ ಇದೆ ಎಂಬ ಬೋರ್ಡು ತೂಗುತ್ತಿತ್ತು. ಹಿರಿಯೂರಿನವರು, ಹೊಸದುರ್ಗದವರು, ನನ್ನ ಕರಪತ್ರ ನಂಬಿದವರೆಲ್ಲ ಅಂಗಡಿಗೆ ಬಂದು ಬಾಯಿಗೆ ಬಂದಂತೆ ಅಂದು ಹೋದರು. ಅದನ್ನು ನುಂಗಿಕೊಂಡೆ. ಮಾವ ವಾರಕ್ಕೊಮ್ಮೆ ಫೋನು ಮಾಡಿ ಪುಸ್ತಕ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದದ್ದನ್ನು ನುಂಗಲಾಗಲಿಲ್ಲ. ಅವರಿಗೆ ಎಪ್ಪತ್ತೈದು ದಾಟಿತ್ತು. ಬರೆದ ಕಾರ್ಡುಗಳು ಬೂದಿಯಾಗಿದ್ದವು. ಆ ಹೆಸರುಗಳನ್ನು ಹೇಳಿದ್ದ ಮುದುಕರಲ್ಲಿ ಎಷ್ಟೋ ಜನ ಆಗಲೇ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹೊಳಲ್ಕೆರೆಗೆ ಹೋದೆ. ಅವನು ನಡುಮನೆಯಲ್ಲಿ ಯಾರದೋ ಮಿಕ್ಸಿ ಬಿಚ್ಚಿ ಹರಡಿಕೊಂಡಿದ್ದ. ಲಾಕು ಸುಟ್ಟದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಯಾರ ಮುಂದೂ ನಾನು ಅಷ್ಟು ಸಣ್ಣವನಾಗಿರಲಿಲ್ಲ. ನಾನು ಮೊದಲೇ ಹೇಳಿರಲಿಲ್ಲವೇ ಎಂಬ ಒಂದು ಮಾತು ಅವನ ಬಾಯಿಂದ ಬಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಮಿಕ್ಸಿಯ ತುಂಡುಗಳನ್ನು ಪಕ್ಕಕ್ಕೆ ಸರಿಸಿದ.

“ಫ್ಲಾಪಿ ಅವೆ ತಾನೆ? ಹಂಗಾರೆ ಎಲ್ಲೂ ಹೋಗಿಲ್ಲ. ಕುಂತ್ಕಳ್ರಿ, ಹುಡ್ಕಾಣ.”

ನನ್ನ ಹಳೆಯ ಫಾಂಟಿನಲ್ಲಿ ಯಾವ ಗುರುತು ಯಾವ ಅಕ್ಷರ ಎಂಬ ಪಟ್ಟಿ ಬೇಕಾಗಿತ್ತು. ಅದೇ ಫಾಂಟಿನಲ್ಲಿ ಅಚ್ಚಾದ ಒಂದು ಕಾಗದ ಬೇಕು, ಅದೇ ಕಾಗದದ ಕಡತ ಫ್ಲಾಪಿಯಲ್ಲಿ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಕ್ಷರ ಸಿಗುತ್ತದೆ. ನನ್ನ ನಾದಿನಿ ಬೀರುವಿನಿಂದ ಸೀರೆಗಳ ಕೆಳಗಿಟ್ಟಿದ್ದ ತಮ್ಮ ಮದುವೆಯ ಕಾರ್ಡು ತಂದು ಕೊಟ್ಟಳು. ಅದನ್ನು ಅಚ್ಚು ಮಾಡಿದವನು ನಾನೇ, ಅದರ ಕಡತವೂ ನನ್ನ ಫ್ಲಾಪಿಯಲ್ಲಿತ್ತು. ಅದರಲ್ಲಿ ಮದುಮಗನ ಹೆಸರಿಗಿಂತ ಸುಖಾಗಮನ ಬಯಸುವ ಹಿರಿಯ ಅಳಿಯನ ಹೆಸರು ದಪ್ಪಗಿತ್ತು. ನಾನು ನಾಚಿಕೆಯಿಂದ ಬೆರಳಿನಲ್ಲಿ ಮುಚ್ಚಲು ಹೋದೆ. ಅವನು ನಕ್ಕು, ದಪ್ಪ ಇದ್ದರೆ ಒತ್ತಕ್ಷರ ಚೆನ್ನಾಗಿ ಕಾಣುತ್ತದೆ ಎಂದ.

ಲಗ್ನಪತ್ರಿಕೆಯಲ್ಲಿ ಬಾರದ ಅಕ್ಷರಗಳು ಬಹಳ ಇದ್ದವು. ಅವಕ್ಕೆಲ್ಲ ನಾವು ಡಿಟಿಪಿಯವರು ಆಲ್ಟ್ ಕೀ ಒತ್ತಿ ಹಿಡಿದು ಒಂದೊಂದು ನಂಬರು ಹೊಡೆಯುತ್ತಿದ್ದೆವು. ಯಾವ ನಂಬರು ಎಂದು ಅವನು ಕೇಳಿದರೆ ನನ್ನ ಬಾಯಿಗೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿ ಕೀಬೋರ್ಡಿನ ಮೇಲೆ ಕೈ ಇಟ್ಟು, ಕುದುರೆ ಸತ್ತ ಹೊಲ ಎಂದುಕೊಂಡರೆ ಬೆರಳು ತಾನಾಗಿ ನಂಬರು ಒತ್ತುತ್ತಿತ್ತು. ಅವನು ನೋಡಿ ಬರೆದುಕೊಳ್ಳುತ್ತಿದ್ದ. ಅವನ ಪ್ಲಗಿನ್ ಎರಡು ಸಲ ಕೈಕೊಟ್ಟಿತು, ಎರಡು ಸಲವೂ ಅವನು ಬಿಡಿಸಿ ಮತ್ತೆ ಕಟ್ಟಿದ. ಮೂರನೆಯ ಭಾನುವಾರ ಮಧ್ಯಾಹ್ನ, ಅರ್ಧ ಚೆಲ್ಲಾಪಿಲ್ಲಿ ಅಕ್ಷರಗಳ ನಡುವೆ ‘ಮುನಿಸಿನ ಹೊಲ’ ಎಂದು ಸ್ಪಷ್ಟವಾಗಿ ಮೂಡಿತು. ನಾನು ಅತ್ತುಬಿಟ್ಟೆ. ಅವನು ನೀರು ತರುತ್ತೇನೆ ಎಂದು ಎದ್ದು ಹೋಗಿ, ನಾನು ಕಣ್ಣೊರೆಸಿಕೊಳ್ಳುವವರೆಗೂ ಒಳಗೇ ಇದ್ದ.

ಎಲ್ಲ ಹೊರಗೆ ಬಂದ ಮೇಲೆ ಮಾವನಿಗೆ ಏನು ಹೇಳುವುದು ಎಂಬ ಭಯ ಹಿಡಿಯಿತು. ಅವರು ಎರಡು ತಿಂಗಳು ತಿದ್ದಿಸಿದ್ದೆಲ್ಲ ಹೋಗಿತ್ತು, ಮತ್ತೆ ಕೂರಿಸಬೇಕಿತ್ತು. ಅದನ್ನು ನಾನು ಹೇಳ್ತೀನಿ, ನೀವು ತಲೆ ಕೆಡಿಸಿಕೊಳ್ಳಬೇಡ್ರಿ ಎಂದ ಷಡ್ಡಕ. ಎಲ್ಲವನ್ನೂ ಹೇಳುತ್ತಾನೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಮಾವ ಸಂತೋಷದಿಂದಲೇ ಬಂದರು, ಸಂತೋಷದಿಂದಲೇ ಎರಡನೆಯ ಸಲ ತಿದ್ದಿಸಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅಷ್ಟೇ ಅಲ್ಲ, ನನ್ನೊಂದಿಗೆ ಅವರ ನಡೆಯೇ ಬದಲಾಗಿತ್ತು. ಬಂದವರಿಗೆಲ್ಲ ನನ್ನನ್ನು ತೋರಿಸಿ ಮಾತಾಡುತ್ತಿದ್ದರು. ಅವನು ಏನೋ ಒಂದು ನೆಪ ಹೇಳಿ ಮುಚ್ಚಿಹಾಕಿರಬೇಕು, ನನ್ನ ಕೆಲಸ ನೋಡಿ ಮಾವನಿಗೆ ಕೊನೆಗೂ ನನ್ನ ಬೆಲೆ ತಿಳಿದಿರಬೇಕು ಎಂದುಕೊಂಡೆ.

ಪುಸ್ತಕ ನನ್ನ ಅಂಗಡಿಯಲ್ಲೇ ಪುಟಕಟ್ಟಿ ಅಚ್ಚಿಗೆ ಹೋಯಿತು. ಮುನ್ನುಡಿಯನ್ನು ಮಾವ ಬಾಯಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ನನ್ನ ಹಿರಿಯ ಅಳಿಯ ಇಲ್ಲದಿದ್ದರೆ ಈ ಹೊಲಗಳ ಹೆಸರು ಉಳಿಯುತ್ತಿರಲಿಲ್ಲ ಎಂಬ ಸಾಲನ್ನು ಟೈಪ್ ಮಾಡಿ, ಹಿಗ್ಗಿನಿಂದ ಎರಡು ಸಲ ಓದಿಕೊಂಡೆ. ಕಿರಿಯ ಅಳಿಯನ ಹೆಸರೂ ಹಾಕೋಣವೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವನು ಪುಸ್ತಕ ತೆಗೆದುಕೊಂಡು, ಮುನ್ನುಡಿ ಓದಿ, ಕಾಗದ ಚೆನ್ನಾಗಿದೆ ಎಂದ.

ನನ್ನ ಫಾಂಟಿನ ಪಟ್ಟಿಯನ್ನೂ ತನ್ನ ಪ್ಲಗಿನ್ನಿಗೆ ಸೇರಿಸಿ ಎಲ್ಲರಿಗೂ ಕೊಟ್ಟ. ಯಾವ ಕಂಪನಿಯನ್ನೂ ಕೇಳದೆ, ಇಂಟರ್ನೆಟ್ ಇಲ್ಲದೆ ಅದು ಓಡುತ್ತಿತ್ತು. ನನ್ನ ಕರಪತ್ರಕ್ಕೆ ಮೋಸಹೋದವರ ಹಳೆಯ ಫ್ಲಾಪಿಗಳೂ ಅದರಿಂದಲೇ ತೆರೆದವು. ತಯಾರಿಸಿದವರ ಹೆಸರಿರುವ ಕಡೆ ಮೊದಲು ನನ್ನ ಹೆಸರು, ಕೆಳಗೆ ಅವನದು. ಅದನ್ನು ನೋಡಿದ ದಿನ, ದೊಡ್ಡತನ ತೋರಿಸುತ್ತಾನೆ ನೋಡು ಎಂದು ಹೆಂಡತಿಯ ಮುಂದೆ ಗೊಣಗಿದೆ. ಅವಳು ಎದ್ದು ಒಳಗೆ ಹೋದಳು.

ಮುಂದಿನ ಎರಡು ವರ್ಷ ನಾನು ಮಾವನಿಗೆ ಬೇಕಾದವನಾಗಿ ಬದುಕಿದೆ. ಅವನು ಬಂದರೂ ಮಾವ ನನ್ನ ಕಡೆ ತಿರುಗಿ ಮಾತಾಡುತ್ತಿದ್ದರು. ನನಗೆ ಅದರಿಂದ ಸಂತೋಷವಾಗುತ್ತಿತ್ತು. ಅವನ ಮುಖದಲ್ಲಿ ಬೇಸರ ಹುಡುಕುತ್ತಿದ್ದೆ, ಒಮ್ಮೆಯೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಸಂಘದ ಕಚೇರಿಯಲ್ಲಿ ಯಾರಿಗೋ ರಸೀದಿ ಬರೆದು ಕೊಡುತ್ತಿದ್ದವನು ಹಾಗೆಯೇ ಮೇಜಿಗೆ ತಲೆಯಿಟ್ಟ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಲವತ್ತೈದು ತುಂಬಿರಲಿಲ್ಲ. ಎಂದೂ ನೋಡಿರದ ಜನ ಬಂದಿದ್ದರು. ಪ್ರೆಸ್ಸಿನವರು, ಮೇಷ್ಟ್ರುಗಳು, ಯಾವ ಯಾವ ಊರಿನವರೋ. ಅಷ್ಟು ಜನರನ್ನು ನೋಡಿ, ನಾನು ಹೋದಾಗ ಇಷ್ಟು ಜನ ಬರುತ್ತಾರೆಯೇ ಎಂಬ ಯೋಚನೆ ನನ್ನ ತಲೆಯಲ್ಲಿ ಹಾದುಹೋಯಿತು. ಎಲ್ಲರ ಜೊತೆ ನಾನೂ ಮೂರು ಹಿಡಿ ಮಣ್ಣು ಹಾಕಿದೆ.

ಮಣ್ಣು ಮುಗಿಸಿ ಬಂದು ಅವನ ಮನೆಯ ಮುಂದೆ ಬೆಂಚಿನ ಮೇಲೆ ಕೂತೆವು. ಒಳಗೆ ನಾದಿನಿಯನ್ನು ನನ್ನ ಹೆಂಡತಿ ಹಿಡಿದುಕೊಂಡಿದ್ದಳು. ಮಾವ ನನ್ನ ಪಕ್ಕಕ್ಕೆ ಸರಿದು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು.

“ಇನ್ ಮುಚ್ಚಿಟ್ಟು ಏನು ಬಂತು ಅಳಿಯಂದ್ರೆ” ಎಂದರು. “ಪುಸ್ತಕ ಬರೋಕ್ ಮುಂಚೆ ಇವ್ನು ನಂತಾವ ಬಂದಿದ್ದ. ಮಾವ, ಸಿಡ್ಲಿಗೆ ಮಿಷಿನ್ ಸುಟ್ಟು ನಿಮ್ಮ ಹೊಲದ ಹೆಸ್ರೆಲ್ಲ ಹೋಗಿದ್ವು, ಅಣ್ಣ ಒಬ್ರೇ ಕುಂತು ಅಕ್ಷರ ಅಕ್ಷರ ಜೋಡ್ಸಿ ವಾಪಸ್ ತಂದವ್ರೆ, ನಂಗೂ ಅದು ಬರ್ತಿರ್ಲಿಲ್ಲ ಅಂದ. ನಿಮಗೆ ನೋವಾಗ್ತತೆ ಅಂತ ಅಣ್ಣ ಹೇಳಿಲ್ಲ, ನೀವೂ ಕೇಳಬ್ಯಾಡ್ರಿ ಅಂದ. ನಾನು ಕೇಳ್ಲಿಲ್ಲ.”

ಎರಡು ವರ್ಷದ ಆದರ, ಮುನ್ನುಡಿಯ ಆ ಸಾಲು, ಬಂದವರ ಮುಂದೆ ನನ್ನನ್ನು ಹೊಗಳಿದ್ದು, ಅಷ್ಟೂ ಅವನು ತಂದು ನನ್ನ ಮಡಿಲಿಗೆ ಹಾಕಿದ್ದು. ಕೊಟ್ಟದ್ದು ಗೊತ್ತಾಗದ ಹಾಗೆ ಕೊಟ್ಟು, ತಾನು ಹಿಂದಕ್ಕೆ ಸರಿದು ಕೂತಿದ್ದ. ಅವನ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅಲ್ಲಿಗೆ ಆರಬೇಕಿತ್ತು. ಅವತ್ತು ಬಂದಷ್ಟು ಹೊಟ್ಟೆಕಿಚ್ಚು ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ. ಅಂಥದೊಂದನ್ನು ಯಾರಿಗಾದರೂ ಕೊಡುವುದು ಈ ಜನ್ಮದಲ್ಲಿ ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಮಾವ ಪೊರೆ ತೆಗೆಸಿದ ಕಣ್ಣುಗಳಿಂದ ನನ್ನನ್ನೇ ನೋಡುತ್ತಿದ್ದರು.

“ಅಷ್ಟೂ ನೀವೊಬ್ರೇ ಮಾಡಿದ್ರಾ?” ಎಂದು ಕೇಳಿದರು.

“ಹೌದು ಮಾವ” ಎಂದೆ.

ಮಾವನೂ ಈಗಿಲ್ಲ. ಆ ಪ್ಲಗಿನ್ನಿನ ವಿಷಯಕ್ಕೆ ಇವತ್ತಿಗೂ ಯಾರಾದರೂ ಮೇಲಿನ ಹೆಸರು ನೋಡಿ ನನಗೆ ಫೋನು ಮಾಡುತ್ತಾರೆ. ಅದು ನಾನು ಮಾಡಿದ್ದಲ್ಲ, ನನ್ನ ಷಡ್ಡಕ ಮಾಡಿದ್ದು ಎಂದು ಎಲ್ಲರಿಗೂ ಹೇಳುತ್ತೇನೆ. ಅವರಿಗೆ ಹೇಳುವುದು ಸುಲಭ.